ಸರ್ವೈವರ್ ಪೂಲ್: ನಿಯಮವನ್ನು ಕೊನೆಯ ದಿನದಿಂದ ಹಿಂದಕ್ಕೆ ಬರೆಯಿರಿ

ಓದುಗರ ಪ್ರಶ್ನೆ, ನಮ್ಮ ಉತ್ತರ: ಕ್ರೀಡೆ

ಈ ಸಲದ ಪ್ರಶ್ನೆಗಳೆಲ್ಲ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರವು. ವಿಷಯ ಒಂದೇ: ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಎನ್‌ಸಿಎಎ ಟೂರ್ನಿ ನೋಡುತ್ತಾ ಗೆಳೆಯರು ಆಡುವ ಸರ್ವೈವರ್ ಪೂಲ್. ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಪಂದ್ಯವಿರುವ ಪ್ರತಿ ದಿನ ಗೆಲ್ಲುವ ಒಂದು ತಂಡವನ್ನು ನೀವು ಹೇಳಬೇಕು, ಅದೇ ನಿಮ್ಮ 'ಪಿಕ್'. ಅದು ಗೆದ್ದರೆ ಉಳಿಯುತ್ತೀರಿ, ಸೋತರೆ ಔಟ್. ಒಮ್ಮೆ ಹೇಳಿದ ತಂಡವನ್ನು ಮತ್ತೆ ಹೇಳುವಂತಿಲ್ಲ. ಕೊನೆಗೆ ಉಳಿದವರೇ ಗೆದ್ದವರು.

ಪ್ರ: ನಾವು 24 ಜನ ಗೆಳೆಯರು. ದಿನಕ್ಕೊಂದು ತಂಡ, ಹೇಳಿದ ತಂಡ ಮತ್ತೆ ಬೇಡ ಎಂಬ ಎರಡೇ ನಿಯಮ ಇಟ್ಟು ಆಡಿದೆವು. ಫೈನಲ್ ದಿನಕ್ಕೆ ಒಬ್ಬರ ಕೈಯಲ್ಲೂ ತಂಡ ಉಳಿದಿರಲಿಲ್ಲ, ದೊಡ್ಡ ಜಗಳವೇ ಆಯಿತು. ತಪ್ಪು ನಮ್ಮದೋ, ನಿಯಮದ್ದೋ?
ವಿದ್ಯಾನಗರ, ದಾವಣಗೆರೆ

ಉ: ನಿಯಮದ್ದು. ಆ ಎರಡು ಸಾಲಿನ ನಿಯಮ ಮೊದಲ ವಾರಕ್ಕೆ ಸಾಕು, ಕೊನೆಯ ವಾರಕ್ಕೆ ಸಾಲದು. ಯಾಕೆಂದು ಲೆಕ್ಕ ಹಾಕಿ ನೋಡೋಣ, ಇಡೀ ಆಟದ ಗುಟ್ಟು ಇಲ್ಲೇ ಇದೆ.

ಟೂರ್ನಿಗೆ ಬರುವುದು 68 ತಂಡ. ಮಂಗಳವಾರ, ಬುಧವಾರ ಓಹಾಯೋದ ಡೇಟನ್‌ನಲ್ಲಿ ನಡೆಯುವ ನಾಲ್ಕು ಪಂದ್ಯಗಳಲ್ಲಿ ನಾಲ್ಕು ತಂಡ ಕಳಚಿಕೊಂಡು 64 ಉಳಿಯುತ್ತವೆ. ಪೂಲ್ ಶುರುವಾಗಬೇಕಾದ್ದು ಅಲ್ಲಿಂದ. ಗುರುವಾರ, ಶುಕ್ರವಾರ ದಿನಕ್ಕೆ 16 ಪಂದ್ಯ. ಶನಿವಾರ, ಭಾನುವಾರ ದಿನಕ್ಕೆ 8. ಮುಂದಿನ ವಾರ ಸ್ವೀಟ್ ಸಿಕ್ಸ್‌ಟೀನ್ (ಉಳಿದ 16 ತಂಡಗಳ ಸುತ್ತು), ಗುರುವಾರ 4, ಶುಕ್ರವಾರ 4. ಆಮೇಲೆ ಎಲೀಟ್ ಎಯ್ಟ್ (ಉಳಿದ 8 ತಂಡಗಳ ಸುತ್ತು), ಶನಿವಾರ 2, ಭಾನುವಾರ 2. ಅದರ ಮುಂದಿನ ಶನಿವಾರ ಫೈನಲ್ ಫೋರ್‌ನ 2 ಸೆಮಿಫೈನಲ್, ಸೋಮವಾರ ಫೈನಲ್. ಒಟ್ಟು 10 ದಿನ, ಅಂದರೆ 10 ಬೇರೆ ಬೇರೆ ತಂಡ.

ಈಗ ಕೊನೆಯ ನಾಲ್ಕು ದಿನ ಮಾತ್ರ ನೋಡಿ. ಎಲೀಟ್ ಎಯ್ಟ್‌ನಲ್ಲಿ ಗೆಲ್ಲುವ ನಾಲ್ಕು ತಂಡಗಳೇ ಫೈನಲ್ ಫೋರ್ ತಂಡಗಳು. ಸೆಮಿಫೈನಲ್ ಗೆಲ್ಲುವುದೂ ಅವುಗಳಲ್ಲೇ ಎರಡು, ಫೈನಲ್ ಗೆಲ್ಲುವುದೂ ಅವುಗಳಲ್ಲೇ ಒಂದು. ಆದ್ದರಿಂದ ಕೊನೆಯ ನಾಲ್ಕು ದಿನವೂ ನೀವು ಸರಿ ಹೇಳಬೇಕಾದರೆ ಫೈನಲ್ ಫೋರ್‌ನ ನಾಲ್ಕೂ ತಂಡಗಳನ್ನು ಒಂದೊಂದು ದಿನ ಒಂದೊಂದರಂತೆ ಖರ್ಚು ಮಾಡಬೇಕು. ಮೊದಲ ಆರು ದಿನ ಆ ನಾಲ್ಕರಲ್ಲಿ ಒಂದನ್ನೂ ಮುಟ್ಟಿರಬಾರದು. ಮುಟ್ಟಿದ್ದರೆ ಕಥೆ ಅಲ್ಲೇ ಮುಗಿದಿರುತ್ತದೆ, ಆದರೆ ಅದು ನಿಮಗೆ ತಿಳಿಯುವುದು ಹತ್ತು ದಿನ ಬಿಟ್ಟು.

2025ರಲ್ಲಿ ಆಬರ್ನ್, ಡ್ಯೂಕ್, ಫ್ಲೋರಿಡಾ, ಹೂಸ್ಟನ್, ನಾಲ್ಕೂ ಒಂದನೇ ಸೀಡ್‌ಗಳು (ತಮ್ಮ ತಮ್ಮ ವಲಯದಲ್ಲಿ ಅತಿ ಬಲಿಷ್ಠವೆಂದು ಮೊದಲ ಸ್ಥಾನ ಪಡೆದ ತಂಡಗಳು) ಫೈನಲ್ ಫೋರ್‌ಗೆ ಬಂದವು. ಮೊದಲ ವಾರದಲ್ಲಿ 'ಸೇಫ್' ಎಂದು ಒಂದೇ ಒಂದು ಒಂದನೇ ಸೀಡ್ ಬಳಸಿದವರಿಗೂ ಕೊನೆ ಮುಟ್ಟುವ ದಾರಿ ಇರಲಿಲ್ಲ. ಬಳಸದೆ ಉಳಿಸಿಕೊಂಡವರಿಗೂ ಇದ್ದದ್ದು ಒಂದೇ ದಾರಿ. ಎಲೀಟ್ ಎಯ್ಟ್‌ನ ಶನಿವಾರ ಫ್ಲೋರಿಡಾ, ಡ್ಯೂಕ್ ಗೆದ್ದವು. ಭಾನುವಾರ ಹೂಸ್ಟನ್, ಆಬರ್ನ್. ಸೆಮಿಫೈನಲ್‌ನಲ್ಲಿ ಫ್ಲೋರಿಡಾ ಆಬರ್ನ್ ತಂಡವನ್ನೂ ಹೂಸ್ಟನ್ ಡ್ಯೂಕ್ ತಂಡವನ್ನೂ ಸೋಲಿಸಿದವು, ಫೈನಲ್‌ನಲ್ಲಿ ಫ್ಲೋರಿಡಾ 65–63ರಿಂದ ಹೂಸ್ಟನ್ ಎದುರು ಗೆದ್ದಿತು. ಹಿಂದಿನಿಂದ ಬನ್ನಿ: ಸೋಮವಾರಕ್ಕೆ ಫ್ಲೋರಿಡಾ ಬೇಕು, ಸೆಮಿಫೈನಲ್‌ಗೆ ಹೂಸ್ಟನ್ ಬೇಕು. ಹಾಗಾದರೆ ಶನಿವಾರ ಡ್ಯೂಕ್, ಭಾನುವಾರ ಆಬರ್ನ್ ಹೇಳದೆ ಗತಿಯಿಲ್ಲ. ಬೇರೆ ಯಾವ ಜೋಡಣೆ ಮಾಡಿದರೂ ತಪ್ಪುತ್ತದೆ, ಕಾಗದದ ಮೇಲೆ ಮಾಡಿ ನೋಡಿ.

2022 ಇನ್ನೂ ಕಠಿಣ. ಫೈನಲ್ ಆಡಿದ ಕ್ಯಾನ್ಸಸ್, ನಾರ್ತ್ ಕ್ಯಾರೊಲೈನಾ ಎರಡೂ ಎಲೀಟ್ ಎಯ್ಟ್ ಗೆದ್ದದ್ದು ಭಾನುವಾರವೇ. ಭಾನುವಾರ ಅವುಗಳಲ್ಲಿ ಒಂದನ್ನು ಹೇಳಲೇಬೇಕು. ಸೆಮಿಫೈನಲ್ ಗೆದ್ದದ್ದೂ ಅವೇ ಎರಡಾದ್ದರಿಂದ ಅಲ್ಲಿ ಇನ್ನೊಂದು ಖರ್ಚಾಗುತ್ತದೆ. ಸೋಮವಾರಕ್ಕೆ ಕೈ ಖಾಲಿ. ಆ ವರ್ಷ ನಿಮ್ಮ ನಿಯಮದಲ್ಲಿ ಆಡಿದ್ದರೆ ಭೂಮಿಯ ಮೇಲಿನ ಯಾರೂ 10 ದಿನ ಉಳಿಯಲು ಸಾಧ್ಯವಿರಲಿಲ್ಲ. ಇದು ಅದೃಷ್ಟದ ಮಾತಲ್ಲ, ಗಣಿತ.

ಪರಿಹಾರ ಸುಲಭ. ಎಲೀಟ್ ಎಯ್ಟ್ ಮುಗಿದ ಮೇಲೆ, ಫೈನಲ್ ಫೋರ್‌ಗೆ ಮುಂಚೆ, ಎಲ್ಲರ ಹಳೆಯ ಪಟ್ಟಿ ಅಳಿಸಿ. ನಾಲ್ಕೂ ತಂಡ ಎಲ್ಲರಿಗೂ ಮತ್ತೆ ಸಿಗಲಿ, ಆದರೆ ಶನಿವಾರ ಹೇಳಿದ್ದನ್ನು ಸೋಮವಾರ ಹೇಳುವಂತಿಲ್ಲ. ಆಗ ಯಾರಿಗೂ ಆರಿಸಲು ತಂಡವಿಲ್ಲ ಎಂಬ ಸ್ಥಿತಿ ಬರುವುದಿಲ್ಲ: ಶನಿವಾರ ನಿಮ್ಮ ತಂಡ ಗೆದ್ದು ನೀವು ಉಳಿದಿದ್ದರೆ, ಸೋಮವಾರ ಅದರ ಎದುರಾಳಿ ನಿಮ್ಮ ಪಾಲಿಗೆ ಇದ್ದೇ ಇರುತ್ತದೆ. ಆಟದ ಬಿಸಿಯೂ ಕಡಿಮೆಯಾಗುವುದಿಲ್ಲ. ಶನಿವಾರ ನೀವು ಹುಡುಕಬೇಕಾದ್ದು ಚಾಂಪಿಯನ್ನನ್ನಲ್ಲ, ಸೆಮಿಫೈನಲ್ ಗೆದ್ದು ಫೈನಲ್ ಸೋಲುವ ತಂಡವನ್ನು. 2025ರಲ್ಲಿ ಶನಿವಾರ ಫ್ಲೋರಿಡಾ ಹೇಳಿದವರು ಸೋಮವಾರ ಹೂಸ್ಟನ್ ಹೇಳಿ ಔಟ್ ಆಗುತ್ತಿದ್ದರು, ಶನಿವಾರ ಹೂಸ್ಟನ್ ಹೇಳಿದವರು ಗೆಲ್ಲುತ್ತಿದ್ದರು.

ಪಟ್ಟಿ ಅಳಿಸುವುದು ಬೇಡ, ಕಟ್ಟುನಿಟ್ಟಾಗೇ ಆಡುತ್ತೇವೆ ಎನ್ನುವವರು ಆಡಬಹುದು. ಆದರೆ 'ತಂಡ ಉಳಿಯದಿದ್ದರೆ ಆ ದಿನ ಔಟ್. ಹೆಚ್ಚು ದಿನ ಉಳಿದವರು ಮುಂದೆ. ಸಮನಾದರೆ ಸೀಡ್ ಮೊತ್ತ' ಎಂಬ ಸಾಲನ್ನು ಮೊದಲೇ ಬರೆದಿಡಿ (ಸೀಡ್ ಮೊತ್ತದ ಲೆಕ್ಕ ಮುಂದಿದೆ). ಬ್ರಾಕೆಟ್, ಅಂದರೆ ಯಾರ ಎದುರು ಯಾರು ಎಂಬ ಪಟ್ಟಿ, ಹೊರಬಿದ್ದ ಮೇಲೆ ಒಂದಕ್ಷರ ತಿದ್ದಬಾರದು. ತಿದ್ದಿದರೆ ಯಾರದೋ ತಂಡ ನೋಡಿಕೊಂಡು ತಿದ್ದಿದಿರಿ ಎಂಬ ಮಾತು ಬಂದೇ ಬರುತ್ತದೆ.

ಪ್ರ: ಪಿಕ್ ಕೊಡಲು ಕೊನೆಯ ಸಮಯ ಎಷ್ಟಿಡಬೇಕು? ಪಂದ್ಯ ಅಲ್ಲಿ ಗುರುವಾರ, ಇಲ್ಲಿ ನೋಡಿದರೆ ಶುಕ್ರವಾರ. ಪ್ರತಿ ಸಲ ಗೊಂದಲ.
ಕೋಟೆ ರಸ್ತೆ, ಚಿತ್ರದುರ್ಗ

ಉ: ಅಮೆರಿಕದ ಆ ತಾರೀಖಿನ ದಿನ, ನಮ್ಮ ರಾತ್ರಿ 9 ಗಂಟೆ. ಹತ್ತೂ ದಿನಕ್ಕೆ ಇದೊಂದೇ ಸಮಯ ಸಾಕು.

ಕಾರಣ ಹೀಗಿದೆ. ಮಾರ್ಚ್‌ನ ಎರಡನೇ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಟೂರ್ನಿ ಅದರ ನಂತರವೇ ಆಗುವುದರಿಂದ ಅಮೆರಿಕದ ಪೂರ್ವ ಕರಾವಳಿಗೂ ನಮಗೂ ಒಂಬತ್ತೂವರೆ ಗಂಟೆ ಅಂತರ. ಮೊದಲ ಗುರುವಾರ ಅಲ್ಲಿ ಮಧ್ಯಾಹ್ನ 12ರ ಸುಮಾರಿಗೆ ಮೊದಲ ಪಂದ್ಯ, ಅಂದರೆ ನಮಗೆ ರಾತ್ರಿ 9.30–9.45. ಕೊನೆಯ ಪಂದ್ಯ ಮುಗಿಯುವುದು ಅಲ್ಲಿ ನಡುರಾತ್ರಿ ದಾಟಿ, ನಮಗೆ ಮರುದಿನ ಬೆಳಗ್ಗೆ 10ರ ಹೊತ್ತು. ಬೆಳಗ್ಗೆ 10ರಿಂದ ರಾತ್ರಿ 9ರವರೆಗೆ ನಿನ್ನೆಯ ಫಲಿತಾಂಶ ಗೊತ್ತಿರುತ್ತದೆ, ಇವತ್ತಿನ ಪಂದ್ಯ ಶುರುವಾಗಿರುವುದಿಲ್ಲ. ಯೋಚಿಸಲು ಹೇಳಿ ಮಾಡಿಸಿದ ಹೊತ್ತು.

ಎರಡನೇ ವಾರದ ಗುರುವಾರ, ಶುಕ್ರವಾರದ ಪಂದ್ಯಗಳು ಅಲ್ಲಿ ಸಂಜೆಯವು, ನಮಗೆ ಮರುದಿನ ಬೆಳಗಿನ ಜಾವ ನಾಲ್ಕರ ಮೇಲೆ. 'ಗುರುವಾರ'ದ ಒಂದು ಪಂದ್ಯವೂ ನಮ್ಮ ಗುರುವಾರ ನಡೆಯುವುದಿಲ್ಲ. ಜನ ತಪ್ಪುವುದು ಇಲ್ಲೇ. ಶುಕ್ರವಾರ ಬೆಳಗ್ಗೆ ಎದ್ದು ಪಿಕ್ ಕಳಿಸುತ್ತಾರೆ, ಅಷ್ಟರಲ್ಲಿ ಎರಡು ಪಂದ್ಯ ಮುಗಿದಿರುತ್ತವೆ. ಫೈನಲ್ ಕೂಡ ಅಲ್ಲಿ ಸೋಮವಾರ ರಾತ್ರಿ, ನಮಗೆ ಮಂಗಳವಾರ ಬೆಳಗ್ಗೆ. ಹಾಗಾಗಿ ವಾರದ ಹೆಸರು ಬಿಟ್ಟು ದಿನ 1, ದಿನ 2 ಎಂದು ಸಂಖ್ಯೆ ಕೊಡಿ, ಪಕ್ಕದಲ್ಲಿ 'ಈ ತಾರೀಖು ರಾತ್ರಿ 9ರೊಳಗೆ' ಎಂದು ಬರೆಯಿರಿ. ಇನ್ನೊಂದು ಲಾಭವೂ ಇದೆ: 2021ರಲ್ಲಿ ಕೋವಿಡ್‌ನಿಂದ ಟೂರ್ನಿಯ ವಾರಗಳೇ ಬದಲಾಗಿ ಮೊದಲ ಸುತ್ತು ಶುಕ್ರವಾರ ಶುರುವಾಗಿತ್ತು. ದಿನ 1 ಎಂದಿದ್ದರೆ ಅಂಥ ವರ್ಷವೂ ನಿಯಮ ಕೆಡದು.

ತನ್ನ ತಂಡದ ಪಂದ್ಯ ಶುರುವಾಗುವವರೆಗೂ ಪಿಕ್ ಕೊಡಬಹುದು ಎಂದು ಕೆಲವರು ಇಡುತ್ತಾರೆ. ನಮಗದು ಒಪ್ಪಿಗೆಯಿಲ್ಲ. ಯಾರು ಬಿದ್ದರು, ಯಾರು ಉಳಿದರು ಎಂದು ನೋಡಿಕೊಂಡು ಬೆಳಗಿನ ಜಾವ ಪಿಕ್ ಕೊಡುವವನಿಗೆ ಲಾಭ. ಬೆಳಗ್ಗೆ ಎಂಟಕ್ಕೆ ಲ್ಯಾಬ್ ಇರುವವನಿಗೆ ನಷ್ಟ.

ಪಿಕ್ ಗುಂಪಿನಲ್ಲಿ ಹಾಕಿಸಬೇಡಿ, ನಕಲು ಶುರುವಾಗುತ್ತದೆ. ಲೆಕ್ಕ ಬರೆಯುವವರ ವಾಟ್ಸಾಪ್‌ಗೆ ಖಾಸಗಿಯಾಗಿ ಕಳಿಸಲಿ; 9 ಆದ ಕೂಡಲೇ ಅವರು ಎಲ್ಲರದ್ದನ್ನೂ ಒಟ್ಟಿಗೆ ಗುಂಪಿಗೆ ಹಾಕಲಿ. ಲೆಕ್ಕ ಬರೆಯುವವರೂ ಆಡುತ್ತಿದ್ದರೆ ಬೇರೆಯವರ ಪಿಕ್ ತೆರೆಯುವ ಮುಂಚೆ ತಮ್ಮದನ್ನು ಇನ್ನೊಬ್ಬರಿಗೆ ಕಳಿಸಿರಬೇಕು. 9ರವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು, ಕೊನೆಯದು ಲೆಕ್ಕಕ್ಕೆ. ಮರೆತರೆ ಔಟ್. ಮರೆತವರಿಗೆ ತಾನಾಗಿ ಒಂದು ತಂಡ ಕೊಡುವ ಪದ್ಧತಿ ಬೇಡ, ಮರೆತವನಿಗೆ ಒಂದನೇ ಸೀಡ್ ಸಿಕ್ಕರೆ ಅದು ಶಿಕ್ಷೆಯಲ್ಲ, ಬಹುಮಾನ.

ಪ್ರ: ಉಳಿದ ಐದೂ ಜನ ಒಂದೇ ದಿನ ಔಟ್ ಆದರೆ?
ಹರಿಹರ

ಉ: ದಿನ 6ರವರೆಗೆ ಹಾಗಾದರೆ ಐವರನ್ನೂ ಎಬ್ಬಿಸಿ ಮುಂದುವರಿಸಿ, ಆದರೆ ಸೋತ ಆ ತಂಡವೂ ಖರ್ಚಾದ ಲೆಕ್ಕಕ್ಕೇ ಸೇರಲಿ. ದಿನ 7ರಿಂದ, ಅಂದರೆ ಎಲೀಟ್ ಎಯ್ಟ್‌ನಿಂದ, ಎಬ್ಬಿಸುವುದು ಬೇಡ. ಸೀಡ್ ಮೊತ್ತದಿಂದ ತೀರ್ಮಾನಿಸಿ.

ನಾಲ್ಕು ವಲಯಗಳಲ್ಲಿ ಪ್ರತಿ ವಲಯದ ತಂಡಗಳಿಗೂ 1ರಿಂದ 16ರವರೆಗೆ ಸೀಡ್ ಇರುತ್ತದೆ, 1 ಬಲಿಷ್ಠ. ಗೆದ್ದ ಪಿಕ್‌ಗಳ ಸೀಡ್ ಕೂಡಿಸಿ. ಒಬ್ಬರದು 5, 6, 3, 4 ಆದರೆ ಮೊತ್ತ 18. ಇನ್ನೊಬ್ಬರದು 1, 2, 1, 3 ಆದರೆ 7. ಹದಿನೆಂಟರವರು ಗೆದ್ದಂತೆ, ಹೆಚ್ಚು ಅಪಾಯ ಎದುರಿಸಿ ಉಳಿದವರು ಅವರೇ. ಸೋತ ದಿನದ ಸೀಡ್ ಕೂಡಿಸಬಾರದು. ಕೂಡಿಸಿದರೆ ಹೇಗೂ ಔಟ್ ಆಗುವ ದಿನ 11ನೇ ಸೀಡ್ ಹೇಳಿ ಮೊತ್ತ ಉಬ್ಬಿಸುವ ಉಪಾಯ ಹೊಳೆಯುತ್ತದೆ. ಅದೂ ಸಮವಾದರೆ ಫೈನಲ್‌ನ ಎರಡೂ ತಂಡಗಳ ಒಟ್ಟು ಅಂಕದ ಊಹೆ, ದಿನ 1ಕ್ಕೆ ಮುಂಚೆಯೇ ಬರೆಸಿಟ್ಟದ್ದು. ಅಂದಾಜಿಗೆ ಬೇಕಾದರೆ: 2022ರಲ್ಲಿ 141, 2024ರಲ್ಲಿ 135, 2025ರಲ್ಲಿ 128.

ಪ್ರ: ನಾವು ಅರವತ್ತು ಜನ ಸೇರುವ ಅಂದಾಜಿದೆ. ದಿನಕ್ಕೊಂದು ಪಿಕ್ ಸಾಕೇ? ಒಂದನೇ ಸೀಡ್‌ಗಳನ್ನು ಮೊದಲ ಸುತ್ತಿನಲ್ಲಿ ನಿಷೇಧಿಸಬೇಕೆಂದು ಕೆಲವರ ಹಟ.
ಪಿ.ಜೆ. ಬಡಾವಣೆ, ದಾವಣಗೆರೆ

ಉ: ಒಂದು ಅಂದಾಜು ಲೆಕ್ಕ ಮಾಡೋಣ. ಮೊದಲ ಆರು ದಿನ ಒಂದು ಪಿಕ್ ಗೆಲ್ಲುವ ಸಾಧ್ಯತೆ ನೂರಕ್ಕೆ 80, ಕೊನೆಯ ನಾಲ್ಕು ದಿನ 60 ಎಂದಿಟ್ಟುಕೊಳ್ಳಿ. 24 ಜನರಲ್ಲಿ ಆರು ದಿನದ ಹೊತ್ತಿಗೆ ಆರೇಳು ಜನ ಉಳಿಯುತ್ತಾರೆ, ಕೊನೆಗೆ ಒಬ್ಬರು ಉಳಿದರೆ ಉಳಿದರು. ಆ ಗುಂಪಿಗೆ ದಿನಕ್ಕೊಂದು ಸರಿಯಾದ ಅಳತೆ. ಅರವತ್ತಕ್ಕೆ ಅದೇ ಅಳತೆ ಇಟ್ಟರೆ ಕೊನೆಗೆ ಇಬ್ಬರು. ದಿನ 1 ಮತ್ತು ದಿನ 2ರಲ್ಲಿ ಎರಡೆರಡು ಪಿಕ್ ಇಟ್ಟು ಎರಡೂ ಗೆಲ್ಲಬೇಕೆಂದರೆ ಆ ಎರಡು ದಿನ 80ರ ಬದಲು 64 ಆಗಿ, ಕೊನೆಗೆ ಒಬ್ಬರ ಹತ್ತಿರ ಬರುತ್ತದೆ. ಹೀಗೆ ಮಾಡಿದರೆ ಒಟ್ಟು 12 ತಂಡ ಖರ್ಚಾಗುತ್ತವೆ, ಉಳಿಸುವ ಆಟಕ್ಕೂ ಕಾವು ಬರುತ್ತದೆ. ನಿಜದಲ್ಲಿ ಜನ ಒಂದೇ ತಂಡದ ಹಿಂದೆ ಬೀಳುವುದರಿಂದ ಬೀಳುವಾಗಲೂ ಗುಂಪಾಗೇ ಬೀಳುತ್ತಾರೆ. ಮೂವತ್ತು ಜನ ನೆಚ್ಚಿದ ಒಂದು ತಂಡ ಎಡವಿದರೆ ಅರ್ಧ ಪೂಲ್ ಒಂದೇ ರಾತ್ರಿಯಲ್ಲಿ ಖಾಲಿ.

ಒಂದನೇ ಸೀಡ್ ನಿಷೇಧ ಬೇಡವೇ ಬೇಡ. ನಿಜ, 64 ತಂಡಗಳ ಪದ್ಧತಿ ಬಂದ 1985ರಿಂದ 2025ರವರೆಗೆ ಪುರುಷರ ಟೂರ್ನಿಯಲ್ಲಿ 16ನೇ ಸೀಡ್ ಒಂದನೇ ಸೀಡನ್ನು ಸೋಲಿಸಿದ್ದು ಎರಡೇ ಸಲ: 2018ರಲ್ಲಿ ವರ್ಜೀನಿಯಾ ತಂಡವನ್ನು ಯುಎಂಬಿಸಿ 74–54ರಿಂದ, 2023ರಲ್ಲಿ ಪರ್ಡ್ಯೂ ತಂಡವನ್ನು ಫೇರ್ಲಿ ಡಿಕಿನ್ಸನ್ 63–58ರಿಂದ. ಎರಡನೇ ಸೀಡ್‌ಗಳು ಅಷ್ಟು ಭದ್ರವಲ್ಲ, ಅದೇ ಅವಧಿಯಲ್ಲಿ 15ನೇ ಸೀಡ್‌ಗೆ 11 ಸಲ ಸೋತಿವೆ. 2012ರಲ್ಲಂತೂ ಮಿಸೌರಿ, ಡ್ಯೂಕ್ ಎರಡೂ ಒಂದೇ ದಿನ ಬಿದ್ದವು. ಆದರೂ ಭದ್ರವಾದ ತಂಡವನ್ನು ಮೊದಲೇ ಖರ್ಚು ಮಾಡಿದವರಿಗೆ ಶಿಕ್ಷೆ ಕೊನೆಯಲ್ಲಿ ತಾನಾಗೇ ಸಿಗುತ್ತದೆ. ನಿಯಮ ಮತ್ತೆ ಕೈಹಾಕುವ ಅಗತ್ಯವಿಲ್ಲ.

ಮೊದಲ ಎರಡು ದಿನ ಹೇಳಲು ಒಳ್ಳೆಯವು 3ರಿಂದ 6ರ ನಡುವಿನ ಸೀಡ್‌ಗಳು. ಅವುಗಳಲ್ಲಿ ಈ ಪಂದ್ಯ ಗೆಲ್ಲುತ್ತದೆ, ಆದರೆ ಎಲೀಟ್ ಎಯ್ಟ್ ಮುಟ್ಟುವುದಿಲ್ಲ ಎನಿಸುವುದನ್ನು ಆರಿಸಿ. 5ನೇ ಸೀಡ್ 12ನೇ ಸೀಡ್ ಎದುರು ಆಡುವಾಗ ಹುಷಾರು: 2025ರಲ್ಲಿ ಕ್ಲೆಮ್ಸನ್ ಮತ್ತು ಮೆಂಫಿಸ್ ಎರಡೂ ಅಲ್ಲೇ ಎಡವಿದವು. ಇನ್ನೊಂದು ನೆನಪಿರಲಿ, ಗುರುವಾರ ಆಡಿದ ತಂಡಗಳೇ ಶನಿವಾರ ಆಡುವುದು, ಶುಕ್ರವಾರದವು ಭಾನುವಾರ. ದಿನ 1ಕ್ಕೆ ಹೇಳುವಾಗಲೇ ದಿನ 3ಕ್ಕೆ ಯಾರನ್ನು ಉಳಿಸುತ್ತೀರಿ ಎಂದು ನೋಡಿಕೊಳ್ಳಿ.

ಪ್ರ: ಒಬ್ಬ 'ಮಿಶಿಗನ್' ಎಂದು ಕಳಿಸಿ, ಆಮೇಲೆ ತಾನು ಹೇಳಿದ್ದು ಮಿಶಿಗನ್ ಸ್ಟೇಟ್ ಎಂದ. ಪಂದ್ಯವೇ ನಡೆಯದಿದ್ದರೆ ಏನು ಮಾಡಬೇಕೆಂಬ ಪ್ರಶ್ನೆಯೂ ಇದೆ.
ಚಳ್ಳಕೆರೆ

ಉ: ಪಿಕ್ ಕಳಿಸುವ ಮಾದರಿಯನ್ನೇ ನಿಯಮದಲ್ಲಿ ಬರೆಯಿರಿ: ದಿನ, ವಲಯ, ಸೀಡ್, ತಂಡ. 'ದಿನ 4, ಪಶ್ಚಿಮ, 1, ಫ್ಲೋರಿಡಾ.' ಮಿಸ್ಸಿಸ್ಸಿಪ್ಪಿ ಮತ್ತು ಮಿಸ್ಸಿಸ್ಸಿಪ್ಪಿ ಸ್ಟೇಟ್, ಅಯೋವಾ ಮತ್ತು ಅಯೋವಾ ಸ್ಟೇಟ್, ಫ್ಲೋರಿಡಾದ ಮಯಾಮಿ ಮತ್ತು ಓಹಾಯೋದ ಮಯಾಮಿ, ಎಲ್ಲ ಬೇರೆ ಬೇರೆ ವಿಶ್ವವಿದ್ಯಾಲಯಗಳು. ಸೇಂಟ್ ಎಂದು ಶುರುವಾಗುವವೂ ಹಲವು ಇವೆ. ಹೆಸರಿಗೂ ಸೀಡ್‌ಗೂ ತಾಳೆಯಾಗದ ಪಿಕ್ ಬಂದರೆ 9ರೊಳಗೆ ಕೇಳಿ ಸರಿಪಡಿಸಿಕೊಳ್ಳುವುದು ಲೆಕ್ಕ ಬರೆಯುವವರ ಕೆಲಸ. 9ರ ನಂತರ ಬರೆದದ್ದೇ ಬರೆದದ್ದು. ನಿಮ್ಮ ಗೆಳೆಯನ ಪಿಕ್ ಮಿಶಿಗನ್.

ಪಂದ್ಯ ನಡೆಯದಿರುವುದು ಬರೀ ಊಹೆಯಲ್ಲ. 2021ರಲ್ಲಿ ವಿಸಿಯು ತಂಡದಲ್ಲಿ ಕೋವಿಡ್ ಕಂಡುಬಂದು ಆರೆಗಾನ್ ಆಡದೆಯೇ ಮುಂದಿನ ಸುತ್ತಿಗೆ ಹೋಯಿತು. ಮುಂದೆ ಹೋದ ತಂಡ ಹೇಳಿದವರು ಉಳಿದರು, ಆ ತಂಡ ಖರ್ಚಾಯಿತು: ಹೀಗೆ ಬರೆಯಿರಿ. ಪಂದ್ಯ ಮುಂದಕ್ಕೆ ಹೋದರೆ ಯಾವತ್ತು ನಡೆದರೂ ಅದು ಮೊದಲು ನಿಗದಿಯಾದ ದಿನದ ಲೆಕ್ಕಕ್ಕೆ. 2020ರಂತೆ ಇಡೀ ಟೂರ್ನಿ ರದ್ದಾದರೆ ಪೂಲೂ ರದ್ದು. ಹೆಚ್ಚುವರಿ ಐದು ನಿಮಿಷದ ಆಟ ಎಷ್ಟು ಸಲ ಆದರೂ ಫಲಿತಾಂಶ ಫಲಿತಾಂಶವೇ, ಇಲ್ಲಿ ಡ್ರಾ ಇಲ್ಲ.

ಲೆಕ್ಕಕ್ಕೆ ಫೋನ್‌ಗಿಂತ ಉದ್ದ ಪುಸ್ತಕ ಮೇಲು. ಎದುರುಬದುರು ಎರಡು ಪುಟ ಬಿಡಿಸಿ, ಹೆಸರಿಗೊಂದು ಸಾಲು, ಹತ್ತು ದಿನಕ್ಕೆ ಹತ್ತು ಮನೆ, ಬಲತುದಿಯಲ್ಲಿ ಸೀಡ್ ಮೊತ್ತಕ್ಕೊಂದು ಮನೆ. ಪ್ರತಿ ಮನೆಯಲ್ಲಿ ತಂಡದ ಹೆಸರು, ಮೂಲೆಯಲ್ಲಿ ಸಣ್ಣದಾಗಿ ಸೀಡ್. ಗೆದ್ದರೆ ಹಸಿರು ಇಂಕಿನ ಗೆರೆ, ಸೋತರೆ ಕೆಂಪು, ಅಲ್ಲಿಂದ ಮುಂದಿನ ಮನೆಗಳಿಗೆಲ್ಲ ಅಡ್ಡಗೆರೆ. ದಿನ 8 ಮತ್ತು 9ರ ನಡುವೆ ದಪ್ಪನೆಯ ಗೆರೆ ಎಳೆಯಿರಿ, ಪಟ್ಟಿ ಅಳಿಯುವುದು ಅಲ್ಲಿ. ಆ ಪುಟದ ಫೋಟೊ ಪ್ರತಿ ರಾತ್ರಿ ಗುಂಪಿಗೆ ಹೋದರೆ, ಈ ತಂಡ ಹೇಳಿದ್ದೆನೋ ಇಲ್ಲವೋ ಎಂಬ ವಾದಕ್ಕೆ ಜಾಗವೇ ಇರುವುದಿಲ್ಲ.

ಪ್ರ: ಮಹಿಳೆಯರ ಟೂರ್ನಿಗೂ ಇದೇ ನಿಯಮ ನಡೆಯುತ್ತದೆಯೇ?
ಹೊಳಲ್ಕೆರೆ

ಉ: ದಿನದ ಲೆಕ್ಕ ಅದೇ 10. 2022ರಿಂದ ಅಲ್ಲೂ 68 ತಂಡ. ಆದರೆ ಮೊದಲ ಸುತ್ತು ಶುಕ್ರವಾರ ಶುರು. ಮುಖ್ಯ ವ್ಯತ್ಯಾಸ ಅಂಗಣದ್ದು: ಪ್ರತಿ ವಲಯದ 1ರಿಂದ 4ನೇ ಸೀಡ್ ತಂಡಗಳು ಮೊದಲ ಎರಡು ಸುತ್ತನ್ನು ತಮ್ಮ ಮನೆಯಂಗಳದಲ್ಲೇ ಆಡುತ್ತವೆ. 16ನೇ ಸೀಡ್ ಒಂದನೇ ಸೀಡನ್ನು ಸೋಲಿಸಿದ್ದು 1998ರಲ್ಲಿ ಹಾರ್ವರ್ಡ್ ಸ್ಟ್ಯಾನ್‌ಫರ್ಡ್ ತಂಡವನ್ನು 71–67ರಿಂದ ಸೋಲಿಸಿದಾಗ ಮಾತ್ರ. ದಿನಕ್ಕೊಂದೇ ಪಿಕ್ ಇಟ್ಟರೆ ಮೊದಲ ನಾಲ್ಕು ದಿನ ಬಹಳ ಜನ ಬೀಳುವುದಿಲ್ಲ. ಇಲ್ಲಿ ಮಾತ್ರ 24 ಜನರ ಗುಂಪೂ ಮೊದಲ ಎರಡು ದಿನ ಎರಡೆರಡು ಪಿಕ್ ಇಡುವುದು ಒಳ್ಳೆಯದು. ಎರಡೂ ಪೂಲ್ ಒಟ್ಟಿಗೆ ನಡೆಸುವುದಾದರೆ ಲೆಕ್ಕದ ಪುಟ ಬೇರೆ ಇರಲಿ, ಡ್ಯೂಕ್ ಎರಡೂ ಕಡೆ ಬರುತ್ತದೆ.

ಪ್ರ: ತಲೆಗೆ ನೂರು ರೂಪಾಯಿ ಹಾಕಿ ಗೆದ್ದವರಿಗೆ ಕೊಡಬಹುದೇ?
ನಿಟುವಳ್ಳಿ, ದಾವಣಗೆರೆ

ಉ: ಬೇಡ. ಸೋತವರ ಹಣ ಗೆದ್ದವರಿಗೆ ಹೋದರೆ ಅದು ಬೆಟ್ಟಿಂಗ್. ಆನ್‌ಲೈನ್‌ನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸುವ ಕೇಂದ್ರ ಕಾಯ್ದೆ 2025ರ ಆಗಸ್ಟ್‌ನಲ್ಲಿ ಬಂದಿದೆ, ಜೂಜಿನ ಮೇಲೆ ಕರ್ನಾಟಕ ಪೊಲೀಸ್ ಕಾಯ್ದೆಯೂ ಇದೆ. ಯುಪಿಐನಲ್ಲಿ ನೂರು ರೂಪಾಯಿ ಹಾಕಿಸಿಕೊಂಡವರ ಹೆಸರೇ ಮೊದಲು ಮೇಲೆ ಬರುವುದು. ಔಟ್ ಆದವರು ದುಡ್ಡು ಕೊಟ್ಟು ಮರಳಿ ಬರುವ ಪದ್ಧತಿಯೂ ಇದೇ ಕಾರಣಕ್ಕೆ ಬೇಡ. ಗೆದ್ದವರಿಗೆ ಗೆಳೆಯರೆಲ್ಲ ಸೇರಿ ಒಂದು ಸಂಜೆ ಬೆಣ್ಣೆ ದೋಸೆ ಕೊಡಿಸಿ, ಸಾಕು. ಹಣವಿಲ್ಲದ ಪೂಲ್‌ನಲ್ಲಿ ನಿಯಮದ ಜಗಳವೂ ಅರ್ಧಕ್ಕರ್ಧ ಕಡಿಮೆ.

ಪ್ರ: ನಮ್ಮ ಅಂತರ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಗೆ 16 ತಂಡ ಬರುತ್ತವೆ, ನಾಕೌಟ್. ಇಂಥ ಪೂಲ್ ಮಾಡಲು ಬರುತ್ತದೆಯೇ?
ಚಿತ್ರದುರ್ಗ

ಉ: ಬರುತ್ತದೆ. 15 ಪಂದ್ಯ, ನಾಲ್ಕು ಸುತ್ತು. ಇಲ್ಲಿ ದಿನದ ಬದಲು ಸುತ್ತಿಗೆ ಲೆಕ್ಕ ಇಡಿ: ಮೊದಲ ಸುತ್ತಿನ 8 ಪಂದ್ಯಗಳಿಂದ ಎರಡು ತಂಡ, ಆಮೇಲೆ ಒಂದೊಂದು, ಒಟ್ಟು 5 ಬೇರೆ ತಂಡ. ಪಟ್ಟಿ ಅಳಿಸುವ ಅಗತ್ಯವಿಲ್ಲ. ಸೆಮಿಫೈನಲ್‌ಗೆ ರನ್ನರ್ ಅಪ್, ಫೈನಲ್‌ಗೆ ಚಾಂಪಿಯನ್ ಉಳಿಸಿಕೊಂಡರೆ ದಾರಿ ಯಾವಾಗಲೂ ತೆರೆದಿರುತ್ತದೆ. ಸೀಡ್ ಇಲ್ಲದಿದ್ದರೆ ಸಮಬಲಕ್ಕೆ ಗೆಲುವಿನ ಅಂತರ ಕೂಡಿಸಿ, ಕಡಿಮೆ ಅಂತರದ ಗೆಲುವು ಹೇಳಿದವರು ಮುಂದೆ. ಕೊನೆಯ ಸಮಯ ಆ ಸುತ್ತಿನ ಮೊದಲ ಪಂದ್ಯಕ್ಕೆ ಅರ್ಧ ಗಂಟೆ ಮುಂಚೆ. ಅಂಗಣಕ್ಕೆ ಇಳಿಯುವ ಆಟಗಾರರು, ಕೋಚ್, ಅಂಪೈರ್, ಸ್ಕೋರ್ ಬರೆಯುವವರು ಪೂಲ್‌ನಲ್ಲಿ ಇರಬಾರದು. ಎದುರು ಕಾಲೇಜಿನ ಹೆಸರು ತನ್ನ ಚೀಟಿಯಲ್ಲಿರುವ ಹುಡುಗ ಕೊನೆಯ ನಿಮಿಷದ ಫ್ರೀ ಥ್ರೋ ತಪ್ಪಿಸಿದರೆ, ಅವನು ಬೇಕೆಂದೇ ತಪ್ಪಿಸಲಿಲ್ಲ ಎಂದು ನಂಬಿಸುವುದು ಯಾರಿಂದಲೂ ಆಗುವುದಿಲ್ಲ.